ಮರದ ಮೇಲಿನ ಕಲ್ಲುಹೂವಿನಿಂದ ಆಮ್ಲಮಳೆಯ ಜಾಡು ಹಿಡಿಯುವ ಕ್ರಮ

ಮಸಾಲೆ ಡಬ್ಬಿಯಲ್ಲಿ ಒಣಗಿ ಸುರುಟಿಕೊಂಡಿರುವ ಕಲ್ಲುಹೂವನ್ನು ಎಲ್ಲರೂ ಬಲ್ಲರು. ಅದರ ಬಳಗವೆಲ್ಲ ಮನೆಯ ಮುಂದಿನ ಮಾವಿನ ಮರದ ಮೇಲೆ, ದೇವಸ್ಥಾನದ ಕಲ್ಲುಕಂಬದ ಮೇಲೆ, ಹಳೆಯ ಹಂಚಿನ ಮೇಲೆ ಬೂದು, ತಿಳಿಹಸಿರು, ಹಳದಿ ಮಚ್ಚೆಗಳಾಗಿ ಹರಡಿಕೊಂಡಿರುವುದನ್ನು ಗಮನಿಸುವವರು ಮಾತ್ರ ಕಡಿಮೆ. ಮಲೆನಾಡಿನ ತೋಟಗಳಲ್ಲಿ ಅಡಿಕೆ ಮರದ ಬಿಳಿ ಮಚ್ಚೆಗಳನ್ನು ರೋಗವೆಂದು ತಿಳಿದು ಕತ್ತಿಯ ಬೆನ್ನಿನಿಂದ ಕೆರೆದು ಹಾಕುವುದನ್ನು ನಾನು ಹಲವು ಕಡೆ ನೋಡಿದ್ದೇನೆ. ಅದು ರೋಗವಲ್ಲ. ಕಲ್ಲುಹೂವು ಮರದ ರಸವನ್ನು ಹೀರುವುದಿಲ್ಲ. ತೊಗಟೆ ಅದಕ್ಕೆ ನಿಲ್ಲಲು ಒಂದು ನೆಲೆ, ಅಷ್ಟೇ. ಕೆರೆದು ಹಾಕಿದಾಗ ಮರಕ್ಕೆ ಯಾವ ಲಾಭವೂ ಆಗುವುದಿಲ್ಲ, ಆದರೆ ಆ ಊರಿನ ಗಾಳಿಯ ಬಗ್ಗೆ ಹಲವು ವರ್ಷಗಳಿಂದ ಬರೆದಿಟ್ಟಂತಿದ್ದ ದಾಖಲೆಯೊಂದು ಅಳಿಸಿಹೋಗುತ್ತದೆ. ಆ ದಾಖಲೆಯನ್ನು ಓದುವುದು ಹೇಗೆ, ಮುಖ್ಯವಾಗಿ ತಪ್ಪಾಗಿ ಓದದಿರುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸುತ್ತೇನೆ. ಶಾಲಾ ಮಕ್ಕಳನ್ನು ಕರೆದುಕೊಂಡು ಹೋಗುವ ಶಿಕ್ಷಕರಿಗೂ, ತಮ್ಮ ಊರಿನ ಹೊಗೆಯ ಬಗ್ಗೆ ಕಾಳಜಿ ಇರುವವರಿಗೂ ಇದು ಉಪಯೋಗವಾಗಬಹುದು.

ಕಲ್ಲುಹೂವು ಒಂದೇ ಜೀವಿಯಲ್ಲ. ಶಿಲೀಂಧ್ರವೊಂದು ಪಾಚಿಯನ್ನೋ ನೀಲಿ-ಹಸಿರು ಪಾಚಿಯನ್ನೋ ತನ್ನ ಒಡಲೊಳಗೆ ಇಟ್ಟುಕೊಂಡು ಕಟ್ಟಿದ ಕೂಡುಸಂಸಾರ ಅದು. 1867ರಲ್ಲಿ ಸ್ವಿಟ್ಜರ್ಲೆಂಡಿನ ಸೈಮನ್ ಶ್ವೆಂಡೆನರ್ ಇದನ್ನು ಹೇಳಿದಾಗ ಅಂದಿನ ಅನೇಕ ವಿದ್ವಾಂಸರು ಒಪ್ಪಿರಲಿಲ್ಲ. ಪಾಚಿ ಬಿಸಿಲಿನಲ್ಲಿ ಆಹಾರ ತಯಾರಿಸುತ್ತದೆ, ಶಿಲೀಂಧ್ರ ಅದಕ್ಕೆ ಮನೆಯನ್ನೂ ತೇವವನ್ನೂ ಕೊಡುತ್ತದೆ. ಈ ಸಂಸಾರಕ್ಕೆ ಬೇರಿಲ್ಲ. ಗಿಡದ ಎಲೆಗಳ ಮೇಲಿರುವಂಥ ಮೇಣದ ಹೊದಿಕೆಯೂ ಇಲ್ಲ. ಮಳೆ, ಮಂಜು, ಇಬ್ಬನಿ, ಧೂಳು ತಂದುಕೊಟ್ಟದ್ದನ್ನೆಲ್ಲ ಅದು ಮೈಯೆಲ್ಲದರಿಂದ ಹೀರಿಕೊಳ್ಳುತ್ತದೆ, ಬೇಡದ್ದನ್ನು ಉದುರಿಸಿಬಿಡಲು ಮರಕ್ಕಿರುವಂತೆ ಎಲೆಗಳೂ ಅದಕ್ಕಿಲ್ಲ. ಕಲ್ಲಿದ್ದಲು, ಡೀಸೆಲ್, ಫರ್ನೇಸ್ ಎಣ್ಣೆ ಉರಿದಾಗ ಹೊರಬರುವ ಸಲ್ಫರ್ ಡೈಆಕ್ಸೈಡ್ ಒದ್ದೆಯಾದ ಕಲ್ಲುಹೂವಿನ ಮೈಯಲ್ಲಿ ಕರಗಿ ಆಮ್ಲವಾಗುತ್ತದೆ; ಆಮ್ಲ ಹೆಚ್ಚಾದಾಗ ಪಾಚಿಯ ಪತ್ರಹರಿತ್ತಿನ ನಡುವೆ ಇರುವ ಮೆಗ್ನೀಸಿಯಂ ಕಳಚಿಕೊಂಡು ಆ ಜಾಗಕ್ಕೆ ಹೈಡ್ರೋಜನ್ ಬಂದು ಕೂರುತ್ತದೆ, ಹಸಿರು ಕಂದಿ ಕಂದುಬಣ್ಣಕ್ಕೆ ತಿರುಗುತ್ತದೆ. ಪಾಚಿ ಸೊರಗಿದ ಮೇಲೆ ಶಿಲೀಂಧ್ರಕ್ಕೆ ಉಣಿಸುವವರಿಲ್ಲ.

ಈ ಸಂಬಂಧವನ್ನು ಜನ ಗುರುತಿಸಿದ್ದು ಇಂದು ನಿನ್ನೆಯಲ್ಲ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಸುತ್ತಮುತ್ತ ಕಲ್ಲುಹೂಗಳು ಕ್ಷೀಣಿಸುತ್ತಿರುವುದಕ್ಕೆ ಕಾರ್ಖಾನೆಗಳ ಹೊಗೆಯೂ ಒಂದು ಕಾರಣವೆಂದು ಲಿಯೋ ಗ್ರಿಂಡನ್ 1859ರಲ್ಲಿಯೇ ಬರೆದಿದ್ದರು. ಅದೇ ಮ್ಯಾಂಚೆಸ್ಟರಿನ ಮಳೆಯನ್ನು ಪರೀಕ್ಷಿಸುತ್ತಿದ್ದ ರಾಬರ್ಟ್ ಆಂಗಸ್ ಸ್ಮಿತ್ 1872ರಲ್ಲಿ ಪ್ರಕಟಿಸಿದ ಗ್ರಂಥದಿಂದ ‘ಆಮ್ಲಮಳೆ’ ಎಂಬ ಹೆಸರು ಬಳಕೆಗೆ ಬಂತು. ಫಿನ್ಲೆಂಡಿನ ವಿಲಿಯಂ ನೈಲಾಂಡರ್ 1866ರಲ್ಲಿ ಪ್ಯಾರಿಸ್ಸಿನ ಲಕ್ಸೆಂಬರ್ಗ್ ಉದ್ಯಾನದ ಮರಗಳಲ್ಲಿದ್ದ ಕಲ್ಲುಹೂಗಳು ನಗರದ ಉಳಿದೆಡೆ ಕಾಣದಿರುವುದನ್ನು ಗಮನಿಸಿ, ಇವು ಗಾಳಿಯ ಶುದ್ಧತೆಯ ಅಳತೆಗೋಲೆಂದರು. 1926ರಲ್ಲಿ ರುಟ್ಗೆರ್ ಸೆರ್ನಾಂಡರ್ ಸ್ಟಾಕ್‌ಹೋಮ್ ನಗರವನ್ನು ಕಲ್ಲುಹೂವಿಲ್ಲದ ‘ಮರುಭೂಮಿ’, ಹೆಣಗಾಟದ ವಲಯ, ಸಹಜ ವಲಯ ಎಂದು ವಿಂಗಡಿಸಿದರು. 1970ರಲ್ಲಿ ಹಾಕ್ಸ್‌ವರ್ತ್ ಮತ್ತು ರೋಸ್ ಇಂಗ್ಲೆಂಡ್ ಹಾಗೂ ವೇಲ್ಸಿಗೆ 0ರಿಂದ 10ರವರೆಗಿನ ವಲಯಗಳ ಮಾಪಕವನ್ನೇ ರೂಪಿಸಿದರು. ಯಾವ ಜಾತಿಯ ಕಲ್ಲುಹೂವು ಮರದ ಮೇಲೆ ಉಳಿದಿದೆ ಎಂಬುದನ್ನು ನೋಡಿ ಚಳಿಗಾಲದ ಸರಾಸರಿ ಸಲ್ಫರ್ ಡೈಆಕ್ಸೈಡ್ ಎಷ್ಟಿರಬಹುದೆಂದು ಅಂದಾಜಿಸುವುದು ಅದರಿಂದ ಸಾಧ್ಯವಾಯಿತು. ಒಂದು ಘನಮೀಟರ್ ಗಾಳಿಯಲ್ಲಿ 170 ಮೈಕ್ರೋಗ್ರಾಂ ದಾಟಿದ ಕಡೆ ಕಾಂಡ ಬರಿದಾಗಿರುತ್ತಿತ್ತು. 30ಕ್ಕಿಂತ ಕೆಳಗಿಳಿದ ಕಡೆ ಮಾತ್ರ ಲೋಬೇರಿಯಾದಂಥ ಸೂಕ್ಷ್ಮ ಜಾತಿಗಳು ಬದುಕಿದ್ದವು.

ಆ ಮಾಪಕವನ್ನು ಹಾಗೆಯೇ ತಂದು ನಮ್ಮ ಮರಗಳ ಮೇಲೆ ಇಡಬಾರದು. ಅಲ್ಲಿನ ಪಟ್ಟಿಯಲ್ಲಿರುವ ಜಾತಿಗಳು ಬಹುಪಾಲು ಇಲ್ಲಿಲ್ಲ, ಇಲ್ಲಿರುವವು ಆ ಪಟ್ಟಿಯಲ್ಲಿಲ್ಲ. ನಮ್ಮ ಮಳೆಯ ಸ್ವಭಾವವೂ ಬೇರೆ. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಕರಗುವುದರಿಂದಲೇ ಶುದ್ಧ ಮಳೆನೀರಿನ ಪಿಎಚ್ (ಆಮ್ಲತೆಯ ಅಳತೆ; ಅಂಕ ಇಳಿದಷ್ಟೂ ಆಮ್ಲ ಹೆಚ್ಚು) ಸುಮಾರು 5.6 ಆಗುತ್ತದೆ; ಅದಕ್ಕಿಂತ ಕೆಳಗಿಳಿದರೆ ಆಮ್ಲಮಳೆಯೆನ್ನುವುದು ರೂಢಿ. ಭಾರತದ ಬಯಲು ಪ್ರದೇಶಗಳಲ್ಲಿ ಗಾಳಿಯಲ್ಲಿ ತೇಲುವ ಮಣ್ಣಿನ ಧೂಳಿನಲ್ಲಿ ಸುಣ್ಣದ ಅಂಶ ಹೆಚ್ಚಿರುವುದರಿಂದ ಆಮ್ಲ ಅಲ್ಲಿಯೇ ತಟಸ್ಥಗೊಂಡು, ಮಳೆಯ ಪಿಎಚ್ ಅನೇಕ ಕಡೆ 5.6ಕ್ಕಿಂತ ಮೇಲೆಯೇ ಇರುತ್ತದೆ. ಮುಂಗಾರಿನಲ್ಲಿ ಕಡಲ ಕಡೆಯಿಂದ ಬಂದು ಘಟ್ಟಕ್ಕೆ ಬಡಿಯುವ ಮಳೆಯಲ್ಲಿ ಈ ಧೂಳಿನ ರಕ್ಷಣೆ ಕಡಿಮೆ. ಹಾಗಾಗಿ ರಾಯಚೂರಿನ ಶಕ್ತಿನಗರ, ಬಳ್ಳಾರಿಯ ಕುಡಿತಿನಿ, ಉಡುಪಿಯ ನಂದಿಕೂರು ಮೂರೂ ಕಡೆ ಕಲ್ಲಿದ್ದಲು ವಿದ್ಯುತ್ ಸ್ಥಾವರಗಳಿದ್ದರೂ ಮೂರು ಕಡೆಯ ಮರಗಳಿಂದ ಒಂದೇ ಉತ್ತರವನ್ನು ನಿರೀಕ್ಷಿಸುವುದು ಸರಿಯಲ್ಲ. ಒಂದು ಕಡೆ ಗಂಧಕದ ಜೊತೆಗೆ ಒಣನೆಲದ ಧೂಳಿದೆ, ಇನ್ನೊಂದು ಕಡೆ ಅದಿರಿನ ಧೂಳಿದೆ, ಮತ್ತೊಂದು ಕಡೆ ಉಪ್ಪುಗಾಳಿ ಮತ್ತು ಧಾರಾಕಾರ ಮಳೆಯಿದೆ. ನಾವು ಮಾಡಬೇಕಾದದ್ದು ಹೊರಗಿನ ಮಾಪಕಕ್ಕೆ ನಮ್ಮ ಮರಗಳನ್ನು ಹೊಂದಿಸುವುದನ್ನಲ್ಲ, ನಮ್ಮ ಮರವನ್ನು ನಮ್ಮದೇ ಮತ್ತೊಂದು ಮರದ ಜೊತೆ ಹೋಲಿಸುವುದನ್ನು. ಈ ಕೆಲಸದ ಜೀವಾಳ ಹೋಲಿಕೆಯಲ್ಲಿದೆ.

ಜಾಗ ಮತ್ತು ಮರದ ಆಯ್ಕೆ

ಮೊದಲು ಅನುಮಾನದ ಮೂಲವನ್ನು ಗೊತ್ತುಮಾಡಿಕೊಳ್ಳಬೇಕು: ಸ್ಥಾವರದ ಚಿಮಣಿ, ಇಟ್ಟಿಗೆ ಗೂಡುಗಳ ಸಾಲು, ಲಾರಿಗಳು ದಟ್ಟವಾಗಿ ಓಡಾಡುವ ಹೆದ್ದಾರಿ, ಹೀಗೆ. ಅಲ್ಲಿಂದ ಗಾಳಿ ಬೀಸುವ ದಿಕ್ಕಿನಲ್ಲಿ 1, 2, 5, 10 ಕಿಲೋಮೀಟರ್ ದೂರಗಳಲ್ಲಿ ಒಂದೊಂದು ತಾಣವನ್ನೂ, ಹೊಗೆ ತಲುಪದಷ್ಟು ದೂರದಲ್ಲಿ ಹೋಲಿಕೆಗೆಂದು ಒಂದೆರಡು ತಾಣಗಳನ್ನೂ ಆರಿಸಬೇಕು. ದಿಕ್ಕಿನ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಒಣಗಿದ ಕಲ್ಲುಹೂವು ಹೆಚ್ಚುಕಡಿಮೆ ನಿದ್ರಿಸುತ್ತಿರುತ್ತದೆ, ಆಗ ವಿಷಾನಿಲ ಅದಕ್ಕೆ ಅಷ್ಟಾಗಿ ತಟ್ಟುವುದಿಲ್ಲ. ಒದ್ದೆಯಾದಾಗಲೇ ಅದು ಉಸಿರಾಡುವುದು, ಬೆಳೆಯುವುದು, ನೋಯುವುದು. ಆದ್ದರಿಂದ ಬೇಸಿಗೆಯ ಗಾಳಿಗಿಂತ ಅದು ಒದ್ದೆಯಾಗಿರುವ ಕಾಲದ ಗಾಳಿ ಮುಖ್ಯ. ಮುಂಗಾರಿನಲ್ಲಿ ನಮ್ಮಲ್ಲಿ ಗಾಳಿ ಪಶ್ಚಿಮ-ನೈರುತ್ಯದಿಂದ ಬೀಸುವುದರಿಂದ ಮೂಲದ ಪೂರ್ವ ಹಾಗೂ ಈಶಾನ್ಯದಲ್ಲಿರುವ ಮರಗಳನ್ನು ನೋಡಬೇಕು. ಮಾಗಿಯ ಬೆಳಗುಗಳಲ್ಲಿ ಇಬ್ಬನಿಯಿಂದ ತೊಯ್ದ ಕಾಂಡಗಳ ಮೇಲೆ ಹೊಗೆ ನೆಲಕ್ಕಂಟಿ ನಿಲ್ಲುವುದರಿಂದ, ಆ ಕಾಲದ ಮೂಡಣಗಾಳಿಗೆ ಅನುಗುಣವಾಗಿ ಪಶ್ಚಿಮದ ಕಡೆಯೂ ಒಂದೆರಡು ತಾಣಗಳಿರಬೇಕು.

ಹೋಲಿಕೆಯ ತಾಣವನ್ನು ಆರಿಸುವಾಗ ದೂರಕ್ಕಿಂತ ಮಳೆಯ ಪ್ರಮಾಣಕ್ಕೆ ಹೆಚ್ಚು ಬೆಲೆ ಕೊಡಿ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿದರೆ, ಅಲ್ಲಿಂದ ನೂರು ಕಿಲೋಮೀಟರಿನೊಳಗಿರುವ ಶಿವಮೊಗ್ಗದಲ್ಲಿ ಅದರ ಕಾಲುಭಾಗವೂ ಬೀಳುವುದಿಲ್ಲ. ಆಗುಂಬೆಯ ಹಾದಿಯ ಮರವನ್ನು ಶಿವಮೊಗ್ಗದ ಕೈಗಾರಿಕಾ ಪ್ರದೇಶದ ಮರದ ಜೊತೆ ಹೋಲಿಸಿ ‘ಮಾಲಿನ್ಯದಿಂದ ಕಲ್ಲುಹೂ ನಾಶವಾಗಿದೆ’ ಎಂದರೆ, ನಾವು ಅಳೆದದ್ದು ಮಾಲಿನ್ಯವನ್ನಲ್ಲ, ಘಟ್ಟದ ಮಳೆಯ ಇಳಿಜಾರನ್ನು. ಸಮುದ್ರಮಟ್ಟದಿಂದ ಎತ್ತರ, ನೆರಳು, ಹತ್ತಿರದಲ್ಲಿ ಕೆರೆ ಹೊಳೆಗಳಿರುವುದು, ಇವೂ ಆದಷ್ಟು ಒಂದೇ ತೆರನಾಗಿರಬೇಕು.

ಎಲ್ಲ ತಾಣಗಳಲ್ಲೂ ಒಂದೇ ಜಾತಿಯ ಮರವಿರಬೇಕು. ಇದರಲ್ಲಿ ರಾಜಿ ಬೇಡ. ಒಂದೊಂದು ಮರದ ತೊಗಟೆಯ ಆಮ್ಲತೆ ಒಂದೊಂದು ರೀತಿ, ಹಾಗಾಗಿ ಬೇರೆ ಬೇರೆ ಮರಗಳನ್ನು ಬೆರೆಸಿದರೆ ಗಾಳಿಯ ವ್ಯತ್ಯಾಸವೋ ತೊಗಟೆಯ ವ್ಯತ್ಯಾಸವೋ ಹೇಳಲಾಗದು. ಕರ್ನಾಟಕದ ಮಟ್ಟಿಗೆ ಮಾವು ಬಹಳ ಅನುಕೂಲದ ಮರ: ಬಯಲುಸೀಮೆಯಿಂದ ಕರಾವಳಿಯವರೆಗೆ ಎಲ್ಲ ಕಡೆ ಸಿಗುತ್ತದೆ, ತೊಗಟೆ ಬೇಗ ಉದುರುವುದಿಲ್ಲ, ಕಲ್ಲುಹೂಗಳು ಅದರ ಮೇಲೆ ಚೆನ್ನಾಗಿ ನಿಲ್ಲುತ್ತವೆ. ಕಾಫಿ ಸೀಮೆಯಲ್ಲಾದರೆ ಸಿಲ್ವರ್ ಓಕ್ ಆಗಬಹುದು. ನೀಲಗಿರಿ, ಪೇರಲ, ಹೊಳೆಮತ್ತಿಯಂತೆ ತೊಗಟೆಯನ್ನು ಚಕ್ಕೆಚಕ್ಕೆಯಾಗಿ ಕಳಚುವ ಮರಗಳು ಬೇಡ, ಏಕೆಂದರೆ ನಿಧಾನವಾಗಿ ಬೆಳೆಯುವ ಕಲ್ಲುಹೂವಿಗೆ ಅಲ್ಲಿ ನೆಲೆಯೂರಲು ಸಮಯವೇ ಸಿಗುವುದಿಲ್ಲ. ಒಂದೊಂದು ತಾಣದಲ್ಲಿ ಕನಿಷ್ಠ ಆರು, ಸಾಧ್ಯವಾದರೆ ಹತ್ತು ಮರಗಳಿರಲಿ. ಅವುಗಳ ಸುತ್ತಳತೆ ಒಂದೇ ಆಸುಪಾಸಿನಲ್ಲಿರಲಿ, ಕಾಂಡ ನೇರವಾಗಿ ನಿಂತಿರಲಿ. ಬಾಗಿದ ಕಾಂಡದ ಮೇಲ್ಮೈಗೆ ಮಳೆ ಹೆಚ್ಚು ಸಿಗುತ್ತದೆ, ಕೆಳಮೈ ಒಣಗಿಯೇ ಇರುತ್ತದೆ.

ಇನ್ನು ತಪ್ಪಿಸಲೇಬೇಕಾದ ಮರಗಳು. ರಸ್ತೆಬದಿಯ ಮರಗಳ ಬುಡಕ್ಕೆ ಬಳಿಯುವ ಸುಣ್ಣ ಮತ್ತು ಕೆಮ್ಮಣ್ಣಿನ ಪಟ್ಟೆ ಕಲ್ಲುಹೂಗಳನ್ನು ಮುಚ್ಚುವುದಷ್ಟೇ ಅಲ್ಲ, ಸುಣ್ಣ ಕ್ಷಾರವಾದ್ದರಿಂದ ತೊಗಟೆಯ ಗುಣವನ್ನೇ ಬದಲಿಸುತ್ತದೆ. ಹಳೆಯ ಸುಣ್ಣ ಮಳೆಗೆ ತೊಳೆದುಹೋಗಿ ಕಣ್ಣಿಗೆ ಕಾಣದಿದ್ದರೂ ತೊಗಟೆಯ ಬಿರುಕುಗಳಲ್ಲಿ ಬಿಳಿಪುಡಿ ಉಳಿದಿರುತ್ತದೆ, ಉಗುರಿನಿಂದ ಗೀರಿ ನೋಡಿದರೆ ತಿಳಿಯುತ್ತದೆ. ದನ ಕಟ್ಟುವ ಮರ, ಕೊಟ್ಟಿಗೆ ಇಲ್ಲವೇ ಕೋಳಿಫಾರಂ ಪಕ್ಕದ ಮರಗಳನ್ನೂ ಬಿಡಬೇಕು, ಅಲ್ಲಿನ ಅಮೋನಿಯಾ ತನ್ನದೇ ಬಗೆಯ ಕಲ್ಲುಹೂಗಳನ್ನು ಬೆಳೆಸುತ್ತದೆ. ಔಷಧಿ ಹೊಡೆಯುವ ತೋಟಗಳ ವಿಷಯದಲ್ಲಿ ನಾನೇ ಒಮ್ಮೆ ಎಡವಿದ್ದೇನೆ. ಗೂಡುಗಳಲ್ಲಿ ಇಟ್ಟಿಗೆ ಸುಡುತ್ತಿದ್ದ ಊರೊಂದರ ಪಕ್ಕದ ಅಡಿಕೆ ತೋಟದಲ್ಲಿ ಎರಡು ದಿನ ಎಣಿಸಿ, ಕಾಂಡಗಳೆಲ್ಲ ಬರಿದಾಗಿರುವುದನ್ನು ಕಂಡು ಇದು ಗೂಡಿನ ಹೊಗೆಯ ಕೆಲಸವೆಂದು ಪುಸ್ತಕದಲ್ಲಿ ಬರೆದುಕೊಂಡಿದ್ದೆ. ತೋಟದ ಯಜಮಾನರು ನೀರು-ಬೆಲ್ಲ ಕೊಟ್ಟು ಮಾತಿಗೆ ಕುಳಿತಾಗ, ಕೊಳೆರೋಗಕ್ಕೆಂದು ಮಳೆಗಾಲದಲ್ಲಿ ಎರಡು ಸಲ ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಸುವುದಾಗಿಯೂ ಅದು ಗೊನೆಯಿಂದ ಇಳಿದು ಕಾಂಡವನ್ನೆಲ್ಲ ತೋಯಿಸುವುದಾಗಿಯೂ ಹೇಳಿದರು. ಮೈಲುತುತ್ತದ ತಾಮ್ರ ಶಿಲೀಂಧ್ರಕ್ಕೂ ಪಾಚಿಗೂ ವಿಷ. ಕಲ್ಲುಹೂವಿನಲ್ಲಿ ಇರುವುದು ಅವೆರಡೇ. ಔಷಧಿ ಹೊಡೆಯದ ಪಕ್ಕದ ಹಿತ್ತಲಿನ ನಾಲ್ಕು ಮರಗಳಲ್ಲಿ ಬಿಳಿ ಮಚ್ಚೆಗಳು ತುಂಬಿದ್ದವು. ಅಂದಿನಿಂದ ಮರವನ್ನು ನೋಡುವ ಮೊದಲು ಮರದವರನ್ನು ಮಾತನಾಡಿಸುವುದನ್ನು ಕ್ರಮವಾಗಿಯೇ ಇಟ್ಟುಕೊಂಡಿದ್ದೇನೆ.

ಏಣಿ ಇಟ್ಟು ಎಣಿಸುವುದು

ಎಣಿಕೆಗೆ ಯುರೋಪಿನವರು 2014ರಲ್ಲಿ ಮಾನಕವಾಗಿ ಒಪ್ಪಿಕೊಂಡ ಕ್ರಮ ಸರಳವಾಗಿದೆ ಮತ್ತು ನಮ್ಮಲ್ಲೂ ನಡೆಯುತ್ತದೆ. 10 ಸೆಂಟಿಮೀಟರ್ ಅಗಲ, 50 ಸೆಂಟಿಮೀಟರ್ ಉದ್ದದ ಪಟ್ಟಿಯೊಂದನ್ನು ಐದು ಚೌಕಗಳಾಗಿ ವಿಂಗಡಿಸಿಕೊಳ್ಳಬೇಕು. ಇದನ್ನೇ ಏಣಿ ಎನ್ನೋಣ. ಕಚೇರಿಗಳಲ್ಲಿ ಬಳಸುವ ಪಾರದರ್ಶಕ ಫೈಲ್ ಹಾಳೆ ಎರಡನ್ನು ಅಂಟಿಸಿ, ಅಳಿಸಲಾಗದ ಮಾರ್ಕರಿನಿಂದ ಗೆರೆ ಎಳೆದರೆ ಏಣಿ ಸಿದ್ಧ. ಕಾಂಡಕ್ಕೆ ಮೊಳೆ ಹೊಡೆಯಬಾರದು. ಹಳೆಯ ಸೈಕಲ್ ಟ್ಯೂಬಿನ ಪಟ್ಟಿಯನ್ನು ಮರಕ್ಕೆ ಸುತ್ತಿ ಅದರಡಿ ಸಿಕ್ಕಿಸಿದರೆ ಹಾಳೆ ಜಾರುವುದಿಲ್ಲ. ಏಣಿಯ ಕೆಳಅಂಚು ನೆಲದಿಂದ ಒಂದು ಮೀಟರ್ ಎತ್ತರದಲ್ಲಿರಬೇಕು. ಅದಕ್ಕಿಂತ ಕೆಳಗೆ ಮಣ್ಣಿನ ಎರಚಲು, ನಾಯಿ ದನಗಳ ಮೂತ್ರ ತಾಗಿ ಲೆಕ್ಕ ಕೆಡುತ್ತದೆ. ದಿಕ್ಸೂಚಿ ಹಿಡಿದು (ಫೋನಿನದೂ ಸಾಕು) ಪೂರ್ವ, ದಕ್ಷಿಣ, ಪಶ್ಚಿಮ, ಉತ್ತರ ನಾಲ್ಕೂ ಕಡೆ ಏಣಿ ಇಟ್ಟು ಒಂದೊಂದು ಕಡೆಯೂ ಪ್ರತ್ಯೇಕವಾಗಿ ಎಣಿಸಬೇಕು.

ಎಣಿಸುವುದು ಮಚ್ಚೆಗಳ ಸಂಖ್ಯೆಯನ್ನಲ್ಲ. ಒಂದೊಂದು ಜಾತಿಯ ಕಲ್ಲುಹೂವು ಐದರಲ್ಲಿ ಎಷ್ಟು ಚೌಕಗಳಲ್ಲಿ ಕಾಣಿಸುತ್ತದೆ ಎಂಬುದಷ್ಟೇ ಲೆಕ್ಕ. ಉದಾಹರಣೆಗೆ ಉತ್ತರದ ಏಣಿಯಲ್ಲಿ ಮೊದಲನೆಯ ಜಾತಿ ಐದೂ ಚೌಕಗಳಲ್ಲಿ, ಎರಡನೆಯದು ನಾಲ್ಕರಲ್ಲಿ, ಮೂರನೆಯದು ಮೂರರಲ್ಲಿ ಇದ್ದರೆ ಉತ್ತರದ ಮೊತ್ತ 12. ಪೂರ್ವದಲ್ಲಿ 7, ದಕ್ಷಿಣದಲ್ಲಿ 4, ಪಶ್ಚಿಮದಲ್ಲಿ 9 ಬಂದರೆ ಆ ಮರದ ಒಟ್ಟು ಅಂಕ 32. ತಾಣದ ಎಲ್ಲ ಮರಗಳ ಅಂಕಗಳ ಸರಾಸರಿಯೇ ಆ ತಾಣದ ವೈವಿಧ್ಯಾಂಕ. ಹೆಸರು ಗೊತ್ತಿಲ್ಲದ ಜಾತಿಗಳನ್ನು ಕೈಬಿಡದೆ ‘ಬೂದು-1’, ‘ಹಳದಿಪುಡಿ’ ಎಂದು ನಿಮ್ಮದೇ ಹೆಸರಿಟ್ಟು, ಅಳತೆಪಟ್ಟಿಯನ್ನು ಪಕ್ಕದಲ್ಲಿಟ್ಟು ಫೋಟೋ ತೆಗೆದುಕೊಳ್ಳಬೇಕು. ಆದರೆ ಒಂದು ತಾಣದಲ್ಲಿಟ್ಟ ಹೆಸರನ್ನೇ ಎಲ್ಲ ತಾಣಗಳಲ್ಲೂ ಬಳಸಬೇಕು.

ಕೆಲಸಕ್ಕೆ ಒಳ್ಳೆಯ ಕಾಲ ಮಳೆ ನಿಂತ ಮೇಲಿನ ಅಕ್ಟೋಬರ್ ಕೊನೆಯಿಂದ ಫೆಬ್ರವರಿಯವರೆಗೆ. ಮಳೆಗಾಲದಲ್ಲಿ ಹಾವಸೆಯೂ ಪಾಚಿಯೂ ಉಬ್ಬಿಕೊಂಡು ಎಲ್ಲವನ್ನೂ ಮುಚ್ಚಿರುತ್ತವೆ. ಮಲೆನಾಡಿನಲ್ಲಾದರೆ ಜಿಗಣೆಗಳ ಕಾಟ ಬೇರೆ.

ಯಾವುದು ಯಾವುದೆಂದು ತಿಳಿಯುವುದು

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ನೀರು ತುಂಬಿದ ಸ್ಪ್ರೇ ಬಾಟಲಿ, ನೇರಳಾತೀತ ಬೆಳಕಿನ ಸಣ್ಣ ಟಾರ್ಚ್, ಈ ಮೂರು ಜೊತೆಗಿದ್ದರೆ ಆರಂಭಕ್ಕೆ ಸಾಕು. ಮೊದಲು ಕಲ್ಲುಹೂವನ್ನು ಅದಲ್ಲದ್ದರಿಂದ ಬೇರ್ಪಡಿಸಬೇಕು. ಎಲೆ-ದಂಟು ಇರುವ ಹಸಿರು ಮೆತ್ತೆ ಹಾವಸೆ. ಕರಾವಳಿಯ ಗೋಡೆ ಮತ್ತು ತೆಂಗಿನ ಕಾಂಡಗಳ ಮೇಲೆ ಕಾವಿಬಣ್ಣದ ವೆಲ್ವೆಟ್ಟಿನಂತೆ ಹಬ್ಬುವುದು ಬಹುಪಾಲು ಟ್ರೆಂಟಿಪೋಲಿಯಾ ಎಂಬ ಪಾಚಿ, ಕಲ್ಲುಹೂವಲ್ಲ. ಕಲ್ಲುಹೂವಿಗೆ ಒಂದು ಅಂಚಿರುತ್ತದೆ, ಬಣ್ಣ ಬೂದಿಯತ್ತ ವಾಲಿರುತ್ತದೆ, ನೀರು ಚಿಮುಕಿಸಿದ ಕೆಲವೇ ಕ್ಷಣಗಳಲ್ಲಿ ಬೂದು ಮಾಯವಾಗಿ ಒಳಗಿನ ಪಾಚಿಯ ಹಸಿರು ಮೇಲೆ ತೇಲಿ ಬರುತ್ತದೆ. ಮಕ್ಕಳಿಗೆ ಇದನ್ನೊಮ್ಮೆ ತೋರಿಸಿದರೆ ಅವರು ಮುಂದೆಂದೂ ಅದನ್ನು ಕಲೆ ಎನ್ನುವುದಿಲ್ಲ.

ರೂಪದಲ್ಲಿ ಮೂರು ಬಗೆ. ತೊಗಟೆಗೆ ಬಣ್ಣ ಬಳಿದಂತೆ ಅಂಟಿ, ಬಿಡಿಸಲು ಬಾರದವು ಚಕ್ಕೆಯ ಬಗೆ. ಅಂಚನ್ನು ಉಗುರಿನಿಂದ ಎತ್ತಬಹುದಾದ, ಹಾಲೆಹಾಲೆಯಾಗಿ ಹರಡುವವು ಎಲೆಯ ಬಗೆ. ಗಡ್ಡದಂತೆ ಜೋಲುವ ಅಥವಾ ಪುಟ್ಟ ಪೊದೆಯಂತೆ ಚಾಚುವವು ಪೊದೆಯ ಬಗೆ. ಗಾಳಿಗೆ ಹೆಚ್ಚು ಮೈಯೊಡ್ಡುವ ಪೊದೆಯ ಬಗೆ ಮೊದಲು ಕಾಣೆಯಾಗುತ್ತದೆ, ಆಮೇಲೆ ಎಲೆಯ ಬಗೆ, ಚಕ್ಕೆಯ ಬಗೆ ಕೊನೆಯಲ್ಲಿ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಒರಟು ಅಂದಾಜಿಗೆ ಇದು ಸರಿ, ಆದರೆ ಇದೊಂದನ್ನೇ ನೆಚ್ಚಬಾರದು. ಹಳೆಯ ಕಾಡಿನ ನೆರಳಲ್ಲಿ ಮಾತ್ರ ಬದುಕುವ ಎಷ್ಟೋ ಚಕ್ಕೆಯ ಜಾತಿಗಳು ಎಲೆಯ ಬಗೆಗಿಂತ ಸೂಕ್ಷ್ಮವಾಗಿವೆ.

ಪೊದೆಯ ಬಗೆಯಲ್ಲಿ ಅಸ್ನಿಯಾವನ್ನು ಗುರುತಿಸುವುದು ಬಲು ಸುಲಭ. ಬಿರುಗಾಳಿಗೆ ಬಿದ್ದ ಕೊಂಬೆಯಿಂದ ಅದರ ಒಂದು ಎಳೆಯನ್ನು ತೆಗೆದುಕೊಂಡು, ಒದ್ದೆ ಮಾಡಿ, ಎರಡೂ ತುದಿ ಹಿಡಿದು ಮೆಲ್ಲಗೆ ಎಳೆಯಿರಿ. ಹೊರಗಿನ ತಿಳಿಹಸಿರು ಸಿಪ್ಪೆ ಬಳೆಯಂತೆ ತುಂಡಾಗಿ ಸರಿಯುತ್ತದೆ, ಒಳಗಿನಿಂದ ಬಿಳಿಯ ದಾರವೊಂದು ರಬ್ಬರಿನಂತೆ ಹಿಗ್ಗುತ್ತದೆ. ಕುದುರೆಮುಖ, ಬಾಬಾಬುಡನ್‌ಗಿರಿಯಂಥ ಮಂಜಿನ ಎತ್ತರಗಳಲ್ಲಿ ಕಾಣುವ ಈ ಗಡ್ಡವನ್ನು ಬೆಂಗಳೂರಿನ ರಸ್ತೆಬದಿಯಲ್ಲಿ ಹುಡುಕುವುದು ವ್ಯರ್ಥ. ಅಲ್ಲಿ ಅದಿಲ್ಲದಿರುವುದಕ್ಕೆ ಒಣಹವೆಯೂ ಕಾರಣ. ಅಡುಗೆಯ ಕಲ್ಲುಹೂವಾದ ಪಾರ್ಮೋಟ್ರೇಮಾ ಅಗಲ ಹಾಲೆಗಳ ಎಲೆಯ ಬಗೆ, ಅದರ ತಳಭಾಗ ಕಪ್ಪು. ನೀಲಿ-ಹಸಿರು ಪಾಚಿಯನ್ನು ಇಟ್ಟುಕೊಂಡಿರುವ ಲೆಪ್ಟೋಜಿಯಂ ಒಣಗಿದಾಗ ಸೀಸದ ಬಣ್ಣದ ತೆಳುಹಾಳೆ, ನೆನೆದಾಗ ಲೋಳೆಯಂತೆ ಉಬ್ಬುತ್ತದೆ. ಇಂಥ ಜಾತಿಗಳು ಆಮ್ಲಕ್ಕೆ ಬಹು ಬೇಗ ಸೋಲುವುದರಿಂದ ಅವು ಎಲ್ಲಿ ಕಂಡರೂ ವಿಶೇಷವಾಗಿ ಗುರುತು ಹಾಕಿಕೊಳ್ಳಿ. ಎಳೆಯ ಮಗು ಗೀಚಿದಂತೆ ಕಪ್ಪು ಗೆರೆಗಳಿರುವ ಬಿಳಿಚಕ್ಕೆ ಗ್ರಾಫಿಸ್.

ನಗರಗಳಲ್ಲಿ ಉಳಿದುಕೊಳ್ಳುವವು ಬೇರೆಯೇ. ತೊಗಟೆಗೆ ಒತ್ತಿ ಕೂತ, ಬೂದಿಬಣ್ಣದ, ಅಂಚಿನಲ್ಲಿ ಪುಡಿ ಉದುರುವ ಪಿಕ್ಸಿನ್ ಕೊಕೋಯಿಸ್ ಅವುಗಳಲ್ಲಿ ಮುಖ್ಯವಾದದ್ದು. ಕತ್ತಲಲ್ಲಿ ನೇರಳಾತೀತ ಟಾರ್ಚ್ ಹಿಡಿದರೆ ಈ ಸಪ್ಪೆ ಬೂದುಮಚ್ಚೆ ಹೊಳೆಯುವ ಹಳದಿಯಾಗುತ್ತದೆ. ಅರಿಶಿನ ಎರಚಿದಂತೆ ಕಾಣುವ ಕ್ರೈಸೋತ್ರಿಕ್ಸ್ ಇನ್ನೊಂದು. ಲಕ್ನೋದ ರಾಷ್ಟ್ರೀಯ ಸಸ್ಯವಿಜ್ಞಾನ ಸಂಶೋಧನಾ ಸಂಸ್ಥೆಯವರು ಭಾರತದ ನಗರಗಳ ಗಾಳಿಯಲ್ಲಿನ ಲೋಹಗಳನ್ನು ಅಳೆಯಲು ಪಿಕ್ಸಿನ್ನನ್ನು ಬಹಳವಾಗಿ ಬಳಸಿದ್ದಾರೆ. ಬೆಂಗಳೂರಿನ ಕಲ್ಲುಹೂಗಳ ಹಂಚಿಕೆಯನ್ನೂ ಅವುಗಳಲ್ಲಿ ಸೇರಿದ ಭಾರಲೋಹಗಳನ್ನೂ ಕುರಿತು, ಲಾಲ್‌ಬಾಗನ್ನು ವಿಶೇಷವಾಗಿ ಗಮನಿಸಿ, 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆ ಸಂಸ್ಥೆಯವರೊಂದಿಗೆ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರೂ ಇದ್ದರು.

ಗುರುತಿಸಲೆಂದು ಕಿತ್ತು ತರುವುದು ಬೇಡ. ಎಲೆಯ ಬಗೆಯವು ವರ್ಷಕ್ಕೆ ಕೆಲವು ಮಿಲಿಮೀಟರ್ ಮಾತ್ರ ಬೆಳೆಯುತ್ತವೆ, ಚಕ್ಕೆಯವು ಅಷ್ಟೂ ಇಲ್ಲ. ಅಂಗೈಯಗಲದ ಒಂದು ಮಚ್ಚೆಗೆ ಹತ್ತಾರು ವರ್ಷ ವಯಸ್ಸಾಗಿರಬಹುದು. ಅರಣ್ಯದೊಳಗೆ ಅನುಮತಿಯಿಲ್ಲದೆ ಯಾವುದನ್ನೂ ಸಂಗ್ರಹಿಸಬಾರದೆಂಬುದನ್ನೂ ನೆನಪಿಡಬೇಕು.

ತೊಗಟೆಯ ಮತ್ತು ಮಳೆಯ ಪಿಎಚ್

ಕಲ್ಲುಹೂಗಳ ಎಣಿಕೆಯೊಂದೇ ಆಮ್ಲಮಳೆಗೆ ಸಾಕ್ಷಿಯಾಗದು. ತೊಗಟೆಯ ಪಿಎಚ್ ಜೊತೆಗಿದ್ದರೆ ಮಾತ್ರ ಎಣಿಕೆಗೆ ಅರ್ಥ ಬರುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಏಣಿ ಇಟ್ಟ ಜಾಗದ ಪಕ್ಕದಲ್ಲಿ, ಕಲ್ಲುಹೂವಿಲ್ಲದ ಕಡೆ, ಹೊರತೊಗಟೆಯ ಸತ್ತ ಪದರವನ್ನಷ್ಟೇ ಎರಡು ಮೂರು ಮಿಲಿಮೀಟರ್ ದಪ್ಪಕ್ಕೆ ತೆಗೆದು, ನೆರಳಲ್ಲಿ ಒಣಗಿಸಿ, ಸಣ್ಣ ತುಣುಕುಗಳಾಗಿ ಮಾಡಿ, 2 ಗ್ರಾಂ ತೂಗಿ 20 ಮಿಲಿಲೀಟರ್ ಬಟ್ಟಿ ಇಳಿಸಿದ ನೀರಿನಲ್ಲಿ ನೆನೆಹಾಕಬೇಕು. ಮುಚ್ಚಳ ಮುಚ್ಚಿ, ಆಗಾಗ ಅಲುಗಾಡಿಸಿ, ಎಲ್ಲ ಮಾದರಿಗಳನ್ನೂ ಒಂದೇ ಅವಧಿಯವರೆಗೆ, ನಾಲ್ಕು ಗಂಟೆಯೆಂದರೆ ಎಲ್ಲಕ್ಕೂ ನಾಲ್ಕೇ ಗಂಟೆ, ನೆನೆಸಿ ಅಳೆಯಬೇಕು. ಅಳೆಯುವ ಮೀಟರನ್ನು ಅದೇ ದಿನ ಪಿಎಚ್ 4 ಮತ್ತು 7ರ ಬಫರ್ ದ್ರಾವಣಗಳಿಂದ ಸರಿಹೊಂದಿಸಿಕೊಂಡಿರಬೇಕು.

ಮಳೆನೀರಿಗೆ ಲಿಟ್ಮಸ್ ಕಾಗದ ಕೆಲಸಕ್ಕೆ ಬಾರದು, 5.6 ಮತ್ತು 4.6ರ ನಡುವೆ ಆಮ್ಲತೆ ಹತ್ತು ಪಟ್ಟು ಹೆಚ್ಚಿದರೂ ಕಾಗದ ಎರಡಕ್ಕೂ ಒಂದೇ ಬಣ್ಣ ತೋರಿಸುತ್ತದೆ. ಬಟ್ಟಿ ಇಳಿಸಿದ ನೀರಿನಿಂದ ತೊಳೆದ ಪ್ಲಾಸ್ಟಿಕ್ ಬಾಟಲಿ ಮತ್ತು ಆಲಿಕೆಯನ್ನು ಮರ, ಸೂರು, ತಂತಿಗಳ ಹನಿ ಬೀಳದ ಬಯಲಿನಲ್ಲಿ, ಆಳೆತ್ತರದ ಕಂಬದ ಮೇಲೆ, ಮಳೆ ಶುರುವಾದಾಗಲೇ ಇಡಬೇಕು. ಮೊದಲೇ ತೆರೆದಿಟ್ಟರೆ ಅದರಲ್ಲಿ ಕೂತ ಧೂಳು ಆಮ್ಲವನ್ನು ತಿಂದುಹಾಕುತ್ತದೆ. ಮಳೆಯ ಮೊದಲ ಅರ್ಧ ಗಂಟೆಯ ನೀರನ್ನೂ ಆಮೇಲಿನದನ್ನೂ ಬೇರೆ ಬೇರೆ ಹಿಡಿದು ಅಂದೇ ಅಳೆಯಿರಿ. ಒಂದು ಮಳೆಯ ಅಳತೆಯಿಂದ ಏನನ್ನೂ ಹೇಳಲಾಗದು, ಒಂದು ಇಡೀ ಮಳೆಗಾಲದ ಅಳತೆ ಬೇಕು.

ಬಂದ ಅಂಕಗಳನ್ನು ಓದುವುದು

ಮೂಲದ ಕಡೆಗೆ ಹೋದಂತೆ ವೈವಿಧ್ಯಾಂಕವೂ ಇಳಿದು, ತೊಗಟೆಯ ಪಿಎಚ್ಚೂ ಇಳಿದು, ನೀಲಿ-ಹಸಿರು ಪಾಚಿಯ ಜಾತಿಗಳು ಮೊದಲು ಕಣ್ಮರೆಯಾಗಿ, ಉಳಿದವುಗಳ ಹಾಲೆಗಳು ಬಿಳಿಚಿಕೊಂಡು ನಡುವಿನಿಂದ ಕಳಚುತ್ತಿದ್ದರೆ ಆಮ್ಲದ ಅನುಮಾನ ಗಟ್ಟಿಯಾಗುತ್ತದೆ. ವೈವಿಧ್ಯಾಂಕ ಇಳಿದರೂ ತೊಗಟೆಯ ಪಿಎಚ್ ಏರಿದ್ದರೆ ಕಾರಣ ಆಮ್ಲವಲ್ಲ, ಬಹುಶಃ ರಸ್ತೆಯ ಇಲ್ಲವೇ ಜಲ್ಲಿ ಕ್ರಷರಿನ ಧೂಳು, ಅಥವಾ ಅಮೋನಿಯಾ. ನೆದರ್‌ಲ್ಯಾಂಡ್ಸಿನಲ್ಲಿ ಗಂಧಕದ ಮಾಲಿನ್ಯ ತಗ್ಗಿದ ಮೇಲೆ ದನದ ಫಾರಂಗಳ ಅಮೋನಿಯಾದಿಂದ ತೊಗಟೆ ಕ್ಷಾರದತ್ತ ತಿರುಗಿ, ಸಾರಜನಕ ಬಯಸುವ ಜಾತಿಗಳೇ ಎಲ್ಲೆಡೆ ಹಬ್ಬಿದವು. ಅಲ್ಲಿ ಬರಿಯ ಒಟ್ಟು ಅಂಕವನ್ನು ನೋಡಿದವರು ಗಾಳಿ ಶುದ್ಧವಾಯಿತೆಂದೇ ತಿಳಿಯುತ್ತಿದ್ದರು. ಆದ್ದರಿಂದ ಒಟ್ಟು ಅಂಕದ ಪಕ್ಕದಲ್ಲಿ ಯಾವ ಜಾತಿಗಳಿಂದ ಅದು ಬಂತೆಂಬುದನ್ನೂ ಬರೆಯಲೇಬೇಕು. ವೈವಿಧ್ಯಾಂಕ ಇಳಿದು ಪಿಎಚ್ ಬದಲಾಗದೆ ಇದ್ದರೆ ಒಣಹವೆ, ಬಿಸಿಲು, ಮೈಲುತುತ್ತ, ಮರಗಳ ವಯಸ್ಸು ಇವುಗಳ ಕಡೆ ತಿರುಗಿ ನೋಡಬೇಕು.

ಇನ್ನೊಂದು ಒರೆಗಲ್ಲು ನಮ್ಮ ಊರುಗಳಲ್ಲಿ ಸುಲಭವಾಗಿ ಸಿಗುತ್ತದೆ. ಸುಣ್ಣದ ಗಾರೆಯ ಹಳೆಯ ಗೋಡೆ, ಕಲಬುರಗಿ ಕಡೆಯ ಶಹಾಬಾದ್ ಕಲ್ಲು, ಸಿಮೆಂಟಿನ ಶೀಟು ಇವೆಲ್ಲ ಬಿದ್ದ ಆಮ್ಲವನ್ನು ತಾವೇ ತಟಸ್ಥಗೊಳಿಸುತ್ತವೆ. ಬ್ರಿಟನ್ನಿನ ಕೈಗಾರಿಕಾ ನಗರಗಳಲ್ಲಿ ಮರಗಳು ಬರಿದಾದ ಮೇಲೂ ಇಂಥ ಮೇಲ್ಮೈಗಳಲ್ಲಿ ಕಲ್ಲುಹೂಗಳು ಉಳಿದಿದ್ದವು. ಮರ ಬರಿದಾಗಿ ಅದರ ಪಕ್ಕದ ಸುಣ್ಣದ ಗೋಡೆಯಲ್ಲಿ ಕಲ್ಲುಹೂವಿದ್ದರೆ ಅದು ಆಮ್ಲದತ್ತ ಬೆರಳು ಮಾಡುತ್ತದೆ. ಎರಡೂ ಬರಿದಾಗಿದ್ದರೆ ಬೇರೆ ಕಾರಣವಿದೆ.

ಕಾಲೇಜಿನ ಪ್ರಯೋಗಾಲಯದ ನೆರವು ಸಿಕ್ಕರೆ ನಾಟಿ ಪರೀಕ್ಷೆಯನ್ನೂ ಮಾಡಬಹುದು. ಶುದ್ಧ ತಾಣದಲ್ಲಿ ಬಿದ್ದ ಕೊಂಬೆಗಳಿಂದ ಕಲ್ಲುಹೂವಿರುವ ತುಣುಕುಗಳನ್ನು ತೊಗಟೆ ಸಮೇತ ಕತ್ತರಿಸಿ, ಕೆಲವನ್ನು ಅಲ್ಲಿಯೇ, ಉಳಿದವನ್ನು ಮೂಲದ ಬಳಿಯ ಮರಗಳಿಗೆ ಒಂದೇ ಎತ್ತರದಲ್ಲಿ ಕಟ್ಟಿ, ಮೂರರಿಂದ ಆರು ತಿಂಗಳ ನಂತರ ಹೋಲಿಸುವುದು ಈ ಪರೀಕ್ಷೆ. ಡೈಮೀಥೈಲ್ ಸಲ್ಫಾಕ್ಸೈಡ್ ಎಂಬ ದ್ರಾವಕದಲ್ಲಿ ಪತ್ರಹರಿತ್ತನ್ನು ಬಿಡಿಸಿ, 435 ಮತ್ತು 415 ನ್ಯಾನೋಮೀಟರ್ ತರಂಗಾಂತರಗಳಲ್ಲಿ ಬೆಳಕಿನ ಹೀರಿಕೆಯನ್ನು ಅಳೆದು ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ, ಆರೋಗ್ಯವಂತ ಕಲ್ಲುಹೂವಿನಲ್ಲಿ ಸುಮಾರು 1.4 ಬರುತ್ತದೆ, ಪತ್ರಹರಿತ್ತು ಮೆಗ್ನೀಸಿಯಂ ಕಳೆದುಕೊಂಡಂತೆ ಈ ಅಂಕ ಇಳಿಯುತ್ತದೆ. ಕಣ್ಣಿಗೆ ಬಿಳಿಚುವಿಕೆ ಕಾಣುವ ಮೊದಲೇ ಇದು ಸುಳಿವು ಕೊಡುತ್ತದೆ.

ಒಂದು ವರ್ಷದ ಎಣಿಕೆ ಆರಂಭ ಮಾತ್ರ. ಮರಗಳಿಗೆ ಬಣ್ಣ ಬಳಿಯದೆ, ಸಂಖ್ಯೆ ಬರೆದ ಚಿಕ್ಕ ಅಲ್ಯೂಮಿನಿಯಂ ಬಿಲ್ಲೆಯನ್ನು ಸಡಿಲವಾದ ದಾರದಿಂದ ಕೊಂಬೆಗೆ ಕಟ್ಟಿ, ಮರವಿರುವ ಜಾಗವನ್ನು ಫೋನಿನಲ್ಲಿ ಗುರುತಿಸಿಟ್ಟುಕೊಂಡು, ಎರಡು ವರ್ಷಕ್ಕೊಮ್ಮೆ ಅದೇ ತಿಂಗಳಲ್ಲಿ ಅದೇ ಮರಗಳಿಗೆ ಅದೇ ಏಣಿಯನ್ನು ಇಡಬೇಕು. ಹೋದ ಸಲ ಇದ್ದ ಮರ ಈ ಸಲ ರಸ್ತೆ ಅಗಲೀಕರಣಕ್ಕೆ ಹೋಗಿದ್ದರೆ ಪಕ್ಕದ ಮರವನ್ನು ಅದರ ಹೆಸರಿನಲ್ಲಿ ಎಣಿಸದೆ, ಹೊಸ ಸಂಖ್ಯೆ ಕೊಟ್ಟು ಸೇರಿಸಿಕೊಳ್ಳಿ. ಏಣಿಯಲ್ಲಿ ಏನೂ ಸಿಗದ ಕಡೆ ಆ ಅಂಕಣವನ್ನು ಖಾಲಿ ಬಿಡದೆ ಸೊನ್ನೆ ಎಂದೇ ಬರೆಯಿರಿ. ಖಾಲಿ ಅಂಕಣವನ್ನು ಮುಂದೆ ಓದುವವರಿಗೆ ಅಲ್ಲಿ ಕಲ್ಲುಹೂವಿರಲಿಲ್ಲವೋ, ನೀವು ನೋಡಿರಲಿಲ್ಲವೋ ತಿಳಿಯುವುದಿಲ್ಲ.